ಮದರಂಗಿ ಹಚ್ಚಿಕೊಂಡ ಬಿಳಿ ಹಕ್ಕಿ

ಅಲ್ಲಾಲನಿಗೆ ಆಗಾಗ ಕೋಪ ಬರುತ್ತಿತ್ತು ಎಂದರೆ ತಪ್ಪಾಗುತ್ತದೆ. ಬರಬೇಕಾದರೆ ಅದು ಮೊದಲು ಎಲ್ಲಿಗಾದರೂ ಹೋಗಿರಬೇಕಲ್ಲ! ಅವನ ಕೋಪ ಎಲ್ಲಿಗೂ ಹೋಗುತ್ತಿರಲಿಲ್ಲ. ಬೆಳಿಗ್ಗೆ ಅವನ ಜೊತೆಗೇ ಎದ್ದು, ಅವನ ಜೊತೆಗೇ ಪುದೀನ ಚಹಾ ಕುಡಿದು, ಅವನ ಜೊತೆಗೇ ಹೋಗಿ ಚಪ್ಪಲಿ ಅಂಗಡಿಯಲ್ಲಿ ಕೂರುತ್ತಿತ್ತು. ಮರಾಕೆಶ್‌ನ ಹಳೇಪೇಟೆಯಲ್ಲಿ ಹಳದಿ ಚಪ್ಪಲಿ ಹೊಲಿಯುವವರು ಬೇಕಾದಷ್ಟು ಮಂದಿ ಇದ್ದಾರೆ. ಗಿರಾಕಿಯ ಪಾದ ನೋಡಿ, "ಇದೇನು ಕಾಲೋ, ರೊಟ್ಟಿ ಹಲಗೆಯೋ?" ಎಂದು ಬೈದು ಕಳಿಸುವವನು ಮಾತ್ರ ಇವನೊಬ್ಬನೇ.

ಇಂಥವನ ಹೆಂಡತಿ ಮಹ್ಜೂಬಾ ಶಾಬಾನ್ ತಿಂಗಳ ನಟ್ಟನಡುವೆ ಗಂಟುಮೂಟೆ ಕಟ್ಟಿಕೊಂಡು ತವರಿಗೆ ಹೊರಟು ನಿಂತಳು.

ಶಾಬಾನ್ ಮುಗಿದರೆ ರಂಜಾನ್. ಅಷ್ಟರೊಳಗೆ ಓಣಿಯ ಪ್ರತಿಯೊಂದು ಮನೆಯ ಒಳಗೋಡೆಗೂ ಸುಣ್ಣ ಬಿದ್ದಿರಬೇಕು. ಹೊರಗೋಡೆ ಊರಿಗೆಲ್ಲ ಒಂದೇ ಕೆಮ್ಮಣ್ಣಿನ ಬಣ್ಣ, ಅದನ್ನು ಯಾರೂ ಕೇಳುವುದಿಲ್ಲ; ಒಳಗೋಡೆ ಮಾತ್ರ ಮನೆಯೊಡತಿಯ ಮಾನ. ಅಲ್ಲಾಲನ ಮನೆಯ ಒಳಗೋಡೆ ಮೂರು ವರ್ಷದಿಂದ ಒಲೆಯ ಹಿಂಭಾಗದಂತಿತ್ತು. ಸುಣ್ಣದವನನ್ನು ಕರೆಸಿ ಎಂದರೆ, "ಸುಣ್ಣ ಅಂದ್ರೆ ಏನು ಮಹಾ? ಬಿಳೀ ನೀರು! ಅದಕ್ಕೊಬ್ಬ ಆಳು ಬೇರೆ! ನಾನೇ ಬಳೀತೀನಿ, ನಾಳೆ!" ಎಂದು ಕೂಗುತ್ತಿದ್ದ. ಆ ನಾಳೆ ಬಂದಿರಲಿಲ್ಲ.

"ಗೋಡೆ ಬೆಳ್ಳಗಾದ ದಿನ ಹೇಳಿ ಕಳಿಸಿ, ಬರ್ತೀನಿ," ಎಂದಳು ಮಹ್ಜೂಬಾ ಬಾಗಿಲಲ್ಲಿ ನಿಂತು. "ಅಲ್ಲೀವರೆಗೂ ನನ್ನ ತಿಬಿಬ್ತ್ ನಿಮ್ಮ ಜವಾಬ್ದಾರಿ. ಅದರ ಒಂದು ಗರಿ ಕೊಂಕಿದ್ರೂ ನಾನು ಈ ಹೊಸ್ತಿಲು ತುಳಿಯಲ್ಲ. ಅದೂ ಅಲ್ದೆ ಆ ಗೂಡಿನಲ್ಲಿ..."

"ಹೋಗು ಹೋಗು! ಹಕ್ಕಿ ನೋಡ್ಕೊಳ್ಳೋಕೆ ನನಗೇನು ಹೇಳಿಕೊಡ್ತೀಯಾ?" ಎಂದು ಅಲ್ಲಾಲ ಅಬ್ಬರಿಸಿದ. ಗೂಡಿನಲ್ಲಿ ಏನು ಎಂಬುದು ಅವನ ಅಬ್ಬರದಲ್ಲೇ ಮುಳುಗಿ ಹೋಯಿತು.

ತಿಬಿಬ್ತ್ ಎಂದರೆ ಗುಬ್ಬಚ್ಚಿ ಗಾತ್ರದ ಹಕ್ಕಿ. ಮೈಯೆಲ್ಲ ಊರ ಹೊರಗೋಡೆಯ ಕೆಮ್ಮಣ್ಣು ಬಣ್ಣ, ತಲೆ ಬೂದಿ ಬಣ್ಣ. ಅದಕ್ಕೆ ಯಾರ ಮನೆಯೂ ಬೇರೆಯವರ ಮನೆಯಲ್ಲ. ಅಂಗಳದಿಂದ ನೆಟ್ಟಗೆ ಒಳಗೆ ಬಂದು, ತಟ್ಟೆಯ ಅಂಚಿನಲ್ಲಿ ಕೂತು, ಮನೆ ಯಜಮಾನನ ಜೊತೆಯಲ್ಲೇ ಊಟ ಮಾಡುತ್ತದೆ. ಅದನ್ನು ಓಡಿಸುವುದಿಲ್ಲ, ಹಿಡಿಯುವುದಿಲ್ಲ, ಅದರ ಗೂಡು ಮುಟ್ಟುವುದಿಲ್ಲ. ಮುಟ್ಟಿದರೆ ಮನೆಯ ಬರ್ಕತ್ತು, ಅಂದರೆ ದೇವರ ಕೃಪೆ, ಹೋಯಿತು ಅಂತಲೇ ಲೆಕ್ಕ. ಮಹ್ಜೂಬಾಳ ತಿಬಿಬ್ತ್ ಕೋಣೆಯ ಬಾಗಿಲ ಮೇಲಿನ ಬಿರುಕಿನಲ್ಲಿ ಗೂಡು ಕಟ್ಟಿಕೊಂಡಿತ್ತು. ಮಕ್ಕಳಿಲ್ಲದ ಮನೆಯಲ್ಲಿ ಅವಳು ದಿನಕ್ಕೆ ಹತ್ತು ಸಲ ಮೆತ್ತಗೆ ಮಾತಾಡುತ್ತಿದ್ದುದು ಅದರ ಜೊತೆ ಮಾತ್ರ.

ಹೆಂಡತಿ ಅತ್ತ ಓಣಿ ದಾಟಿದ್ದೇ ತಡ, ಇತ್ತ ಅಲ್ಲಾಲನಿಗೆ ಮನೆ ಬಿಕೋ ಎನ್ನಿಸತೊಡಗಿತು. ಬಿಕೋ ಎನ್ನಿಸಿದ್ದಕ್ಕೆ ಇನ್ನಷ್ಟು ಸಿಟ್ಟು ಬಂತು. ಬೆಳಗಾಗುತ್ತಲೇ ಸುಣ್ಣ ತಂದ, ಏಣಿ ತಂದ, ತಲೆಗೆ ಬಟ್ಟೆ ಸುತ್ತಿ ಗೋಡೆಯ ಮೇಲೆ ಯುದ್ಧಕ್ಕೆ ಹೊರಟ. ಸಂಜೆಯ ಹೊತ್ತಿಗೆ ಸುಣ್ಣ ನೆಲದ ಮೇಲಿತ್ತು, ಚಾಪೆಯ ಮೇಲಿತ್ತು, ನಿಂಬೆ ಗಿಡದ ಮೇಲಿತ್ತು, ಅಲ್ಲಾಲನ ಗಡ್ಡದಲ್ಲಿತ್ತು. ಗೋಡೆಯ ಮೇಲೆ ಮಾತ್ರ ಅಲ್ಲೊಂದು ಇಲ್ಲೊಂದು ಪಟ್ಟೆ ಕಾಣುತ್ತಿತ್ತು. ಕೊನೆಗೆ ಕೋಣೆಯ ಬಾಗಿಲಿಗೆ ಏಣಿ ಒರಗಿಸಿ ಹತ್ತಿದವನು, ಏಣಿಗೆ ಏನೋ ಬೈಯಲು ಹೋಗಿ ಆಯ ತಪ್ಪಿದ. ಬಕೆಟ್ಟು ಗಾಳಿಯಲ್ಲಿ ಒಂದು ಸುತ್ತು ಸುತ್ತಿ, ಬಿರುಕಿನ ಕಡೆ ಬಾಯಿ ಮಾಡಿ ತನ್ನ ಹೊಟ್ಟೆಯಲ್ಲಿದ್ದುದನ್ನೆಲ್ಲ ಕಕ್ಕಿತು. ಒಳಗಿಂದ ಚಿರ್ರ್ ಎಂಬ ಸದ್ದು ಬಂತು. ಆಮೇಲೆ ಏನೂ ಇಲ್ಲ.

ಮರುದಿನ ಬೆಳಿಗ್ಗೆ ಅಲ್ಲಾಲ ಅಂಗಳದಲ್ಲಿ ಕೂತು ರೊಟ್ಟಿ ಮುರಿಯುತ್ತಿದ್ದ. ಬಾಗಿಲ ಮೇಲಿಂದ ಪುರ್ರನೆ ಹಕ್ಕಿಯೊಂದು ಇಳಿದು ತಟ್ಟೆಯ ಅಂಚಿನಲ್ಲಿ ಕೂತಿತು. ಅಲ್ಲಾಲನ ಕೈಯಲ್ಲಿದ್ದ ರೊಟ್ಟಿ ಜಾರಿ ಚಹಾದೊಳಗೆ ಬಿತ್ತು. ಹಕ್ಕಿ ತಲೆಯಿಂದ ಬಾಲದ ತನಕ ಬೆಳ್ಳಗಿತ್ತು. ಹಾಲಿನಷ್ಟು ಬಿಳುಪು. ಅವನ ಗೋಡೆಗೆ ಬಾರದ ಬಿಳುಪೆಲ್ಲ ಅದಕ್ಕೆ ಬಂದಿತ್ತು.

"ಅಯ್ಯೋ ನನ್ನ ಗತಿಯೇ! ಸುಣ್ಣ ಬಳಿದುಬಿಟ್ನಲ್ಲೋ! ಹಕ್ಕಿಗೇ ಬಳಿದುಬಿಟ್ನಲ್ಲೋ!" ಎಂದು ಅವನು ತಲೆಯ ಮೇಲೆ ಕೈ ಹೊತ್ತು ಕೂತ. ಗರಿ ಕೊಂಕಿದರೂ ಬರುವುದಿಲ್ಲ ಎಂದವಳು, ಇಡೀ ಹಕ್ಕಿಯೇ ಬಣ್ಣ ಬಿಟ್ಟಿರುವಾಗ ಬರುತ್ತಾಳೆಯೇ?

ಆ ಹೊತ್ತಿಗೆ ಸರಿಯಾಗಿ ಕಬ್ಬೂರ್ ಒಳಗೆ ಬರಬೇಕೆ! ಕಬ್ಬೂರ್ ಓಣಿಯ ರೊಟ್ಟಿ ಒಲೆಯವನು. ಪ್ರತಿ ಮನೆಯ ಹಿಟ್ಟಿನ ಹಲಗೆ ಅವನ ಒಲೆಗೇ ಹೋಗಬೇಕು. ಹಲಗೆಯ ಜೊತೆ ಸುದ್ದಿಯೂ ಹೋಗುತ್ತದೆ, ರೊಟ್ಟಿಯ ಜೊತೆ ಉಬ್ಬಿಕೊಂಡು ವಾಪಸ್ಸು ಬರುತ್ತದೆ.

"ಸೀ ಅಲ್ಲಾಲ್, ನಿಮ್ಮ ಹಲಗೆ ಎರಡು ದಿನದಿಂದ..." ಎಂದು ಸಾಹೇಬರೆಂಬ ಮರ್ಯಾದೆಯ 'ಸೀ' ಹಚ್ಚಿ ಶುರು ಮಾಡಿದವನು ಹಕ್ಕಿಯನ್ನು ಕಂಡು ಅಲ್ಲೇ ಮಂಡಿಯೂರಿದ. "ಬಿಳೀ ತಿಬಿಬ್ತ್! ನಮ್ಮಜ್ಜ ಕೂಡ ಕಂಡಿರಲಿಲ್ಲವಲ್ಲೋ! ಇದು ಬರ್ಕತ್ತು! ಸೀ ಅಲ್ಲಾಲ್, ನೀವು ಯಾರು ಅಂತ ನಮಗೆ ಗೊತ್ತಾಗಲೇ ಇಲ್ಲ!"

"ಬರ್ಕತ್ತೂ ಇಲ್ಲ, ಗಿರ್ಕತ್ತೂ ಇಲ್ಲ! ಎದ್ದು ಹೋಗೋ ಕತ್ತೆ!" ಎಂದು ಅಲ್ಲಾಲ ಗುಡುಗಿದ. ಸುಣ್ಣ ಎಂದರೆ ಸುದ್ದಿ ಮಾವನ ಮನೆಗೆ ಮುಟ್ಟುತ್ತದೆ. ಬರ್ಕತ್ತು ಎಂದರೆ ಸುಳ್ಳಾಗುತ್ತದೆ. ಬೈಯುವುದೊಂದೇ ಅವನಿಗೆ ಉಳಿದಿದ್ದ ದಾರಿ.

ಕಬ್ಬೂರ್ ಕಣ್ಣು ಮುಚ್ಚಿ ಆ ಬೈಗುಳವನ್ನು ಮೈತುಂಬ ಹೊದ್ದುಕೊಂಡ. ಒಲೆಗೆ ವಾಪಸ್ಸು ಹೋದರೆ, ವಾರದಿಂದ ಸರಿಯಾಗಿ ಉರಿಯದ ಬೆಂಕಿ ಧಗಧಗ ಉರಿಯಿತಂತೆ. ಅವನು ಹಸಿ ಸೌದೆ ಬಿಟ್ಟು ಒಣ ಸೌದೆ ಹಾಕಿದ್ದ ಎಂಬುದನ್ನು ಯಾರೂ ವಿಚಾರಿಸಲಿಲ್ಲ. "ಸೀ ಅಲ್ಲಾಲ್ ಬೈದರು, ಬೆಂಕಿ ಹತ್ತಿಕೊಂಡಿತು" ಎಂಬ ಮಾತು ಮಧ್ಯಾಹ್ನದ ರೊಟ್ಟಿಯ ಜೊತೆ ಮನೆಮನೆಗೂ ಹೋಯಿತು.

ಆಮೇಲೆ ಕೇಳುವುದೇನಿದೆ! ಅಂಗಳದ ತುಂಬ ಜನ. ಹಕ್ಕಿಗೆ ಹಾಲು, ಖರ್ಜೂರ, ಸಕ್ಕರೆ ತಂದವರು ಕೆಲವರು. ಅಲ್ಲಾಲನ ಬೈಗುಳಕ್ಕೆಂದೇ ಬಂದವರು ಬಹಳ ಮಂದಿ. ಒಬ್ಬಾಕೆ ಮಧ್ಯಾಹ್ನದವರೆಗೂ ಮಲಗುವ ಗಂಡನನ್ನು ಎಳೆದುಕೊಂಡು ಬಂದಳು.

"ಇವರಿಗೊಂದು ಚೆನ್ನಾಗಿ ಉಗೀರಿ, ಸೀ ಅಲ್ಲಾಲ್."

"ನನ್ನ ಮನೆ ಏನು ಸಂತೆಯೇನ್ರೇ? ತೊಲಗಿ ಇಲ್ಲಿಂದ! ನೀನೂ ತೊಲಗು, ನಿನ್ನ ಈ ಹಂಡೆ ಹೊಟ್ಟೆ ಗಂಡನೂ ತೊಲಗಲಿ!"

"ಕೇಳಿಸಿತಾ? ನನಗಿಂತ ನಿಮಗೇ ಒಂದು ಮಾತು ಜಾಸ್ತಿ ಸಿಕ್ತು," ಎಂದು ಆಕೆ ಗಂಡನ ಪಕ್ಕೆಗೆ ತಿವಿದಳು. ಅವನು ನಾಚಿಕೊಂಡು ಅಲ್ಲಾಲನ ಭುಜಕ್ಕೆ ಮುತ್ತಿಟ್ಟ.

ಇನ್ನೊಬ್ಬ ಮುದುಕಿ ಮಗಳಿಗೆ ಗಂಡು ಕೂಡಿಬಂದಿಲ್ಲ ಎಂದು ಅತ್ತಳು. "ಹಾಳಾಗಿ ಹೋಗಿ ಎಲ್ಲರೂ!" ಎಂದ ಅಲ್ಲಾಲ. ಮುದುಕಿ ಕಣ್ಣೊರೆಸಿಕೊಂಡು, "ಹೋಗಿ ಅಂದ್ರು. ಹೋಗ್ತಾಳೆ, ಈ ವರ್ಷ ಗಂಡನ ಮನೆಗೆ ಹೋಗೇ ಹೋಗ್ತಾಳೆ," ಎಂದು ಹರಸುತ್ತ ಎದ್ದಳು. ಹದಿನೈದು ವರ್ಷ ಬೈದರೂ ಯಾರೂ ಮೂಸಿ ನೋಡದ ಮನುಷ್ಯ ಎರಡೇ ದಿನದಲ್ಲಿ ಮಹಾತ್ಮನಾಗಿಬಿಟ್ಟ. ಕುಡಿಯಲು ಹೊರಟರೆ ಚಹಾದ ಲೋಟ ಯಾರೋ ಪ್ರಸಾದವೆಂದು ಎತ್ತಿಕೊಂಡು ಹೋಗಿರುತ್ತಿದ್ದರು. ಸ್ವಂತ ಮನೆಯ ಅಂಗಳದಲ್ಲಿ ಅವನಿಗೆ ಕಾಲು ಚಾಚಲು ಜಾಗವಿರಲಿಲ್ಲ.

ಎಲ್ಲರೂ ನಂಬಿದರೂ ಒಬ್ಬ ಮಾತ್ರ ನಂಬಲಿಲ್ಲ. ಅವನು ಓಣಿಯ ಮುಖದ್ದಮ್ ಜೀಲಾಲಿ. ಯಾರ ಮನೆಯಲ್ಲಿ ಯಾರು ಸೀನಿದರೂ ಸಂಜೆಯೊಳಗೆ ಕಚೇರಿಗೆ ತಿಳಿಸುವುದು ಅವನ ಸರ್ಕಾರಿ ಕೆಲಸ. ಯಾರೂ ಸೀನದ ದಿನ ಅವನ ಮುಖ ಬಾಡಿರುತ್ತಿತ್ತು. ಅವನು ಅಂಗಳಕ್ಕೆ ಬಂದು, ನೆಲದ ಸುಣ್ಣ ನೋಡಿದ, ಅಲ್ಲಾಲನ ಗಡ್ಡದ ಸುಣ್ಣ ನೋಡಿದ, ಕೊನೆಗೆ ಹಕ್ಕಿಯನ್ನು ನೋಡಿದ.

"ಸೀ ಅಲ್ಲಾಲ್," ಎಂದ, ದನಿ ತಗ್ಗಿಸಿ. "ಹಕ್ಕಿಗೆ ಬಣ್ಣ ಬಳಿದು ಜನ ಸೇರಿಸೋದು ಎಂಥ ಅಪರಾಧ ಅಂತ ಗೊತ್ತೇನು?"

"ನಿನ್ನ ಮೂತಿಗೇ ಬಳಿದುಬಿಡ್ತೀನಿ ನೋಡು! ನಾನು ಯಾರನ್ನೂ ಕರೆದಿಲ್ಲ ಕಣಯ್ಯಾ!"

"ನನಗೆ ಬೈದ್ರೆ ಪ್ರಯೋಜನ ಇಲ್ಲ, ನಾನು ಸರ್ಕಾರಿ ಮನುಷ್ಯ, ನನಗೆ ಬರ್ಕತ್ತು ತಾಗಲ್ಲ. ನಾಳೆ ರಬಾತ್‌ನಿಂದ ಹಕ್ಕಿ ಶಾಸ್ತ್ರ ಓದಿದ ಡಾಕ್ಟರ್ ಮೇಡಂ ಬರ್ತಿದ್ದಾರೆ. ನಾನೇ ಫೋನ್ ಮಾಡಿಸಿದೀನಿ. ಬಣ್ಣ ಅಂತ ಗೊತ್ತಾಗ್ಲಿ, ಮೊದಲು ಕಚೇರಿಗೆ ಹೇಳ್ತೀನಿ. ಆಮೇಲೆ ನಿಮ್ಮ ಮಾವನ ಮನೆಗೂ ಹೇಳ್ತೀನಿ."

ಕಚೇರಿಗೆ ಅಲ್ಲಾಲ ಹೆದರುವವನಲ್ಲ. ಮಾವನ ಮನೆಗೆ ಮಾತ್ರ ಹೆದರುತ್ತಿದ್ದ.

ಜನರನ್ನೆಲ್ಲ ಹೊರದಬ್ಬಿ ಅಗುಳಿ ಹಾಕಿದ. ಮಹ್ಜೂಬಾಳ ಜರಡಿ ತಂದು, ಅದರಡಿ ರೊಟ್ಟಿ ಚೂರು ಹಾಕಿ, ಕಡ್ಡಿ ಆನಿಸಿ ನಿಲ್ಲಿಸಿದ. ಹಕ್ಕಿ ತಾನಾಗಿಯೇ ನಡೆದು ಒಳಗೆ ಹೋಯಿತು. ಅದಕ್ಕೆ ಮನುಷ್ಯರ ಮೇಲೆ ಅಷ್ಟು ನಂಬಿಕೆ. "ನಂಬ್ತೀಯಾ ನನ್ನ? ನಿನಗೂ ಬುದ್ಧಿ ಇಲ್ವಾ?" ಎಂದು ಅದಕ್ಕೂ ಬೈದು, ಬೆಚ್ಚಗಿನ ನೀರಿನಲ್ಲಿ ಸ್ನಾನದ ಮನೆಯ ಕರಿ ಸೋಪು ಕದಡಿ ತೊಳೆದ. ಹಕ್ಕಿ ಮೊದಲಿಗಿಂತ ಬೆಳ್ಳಗಾಯಿತು. ಮತ್ತೆ ತೊಳೆದ. ಹೊಳೆಯತೊಡಗಿತು.

"ಸುಣ್ಣ ಮೂಳೆಗೇ ಇಳಿದಿದೆ," ಎಂದು ಅಲ್ಲಾಲ ತೀರ್ಮಾನಿಸಿದ.

ಬಿಳುಪು ಹೋಗದಿದ್ದರೆ ಮೇಲೆ ಕೆಂಪು ಹತ್ತಿಸಬೇಕು. ಕೆಂಪು ಯಾವುದು? ಮಹ್ಜೂಬಾಳ ಪೆಟ್ಟಿಗೆಯಲ್ಲಿ ಹಬ್ಬಕ್ಕೆಂದು ಎತ್ತಿಟ್ಟ ಮದರಂಗಿ ಪುಡಿಯಿತ್ತು. ನೀರು ಹಾಕಿ ಕಲಸಿದ. ಹಕ್ಕಿಯನ್ನು ಮಡಿಲಲ್ಲಿ ಇಟ್ಟುಕೊಂಡು ಬೆನ್ನಿಗೆ, ರೆಕ್ಕೆಗೆ, ಎದೆಗೆ ಬೆರಳಲ್ಲಿ ಸವರಿದ. ತಲೆಗೆ ಸವರುವಷ್ಟರಲ್ಲಿ ಅದು ಹೆಬ್ಬೆರಳನ್ನು ಕುಕ್ಕಿತು, ತಲೆ ಬಿಟ್ಟ. ಮದರಂಗಿ ಹತ್ತಬೇಕಾದರೆ ಅಲುಗಾಡಬಾರದಲ್ಲ! ಮಧ್ಯಾಹ್ನದ ನಮಾಜಿನ ಕರೆಯಿಂದ ಸಂಜೆಯ ಕರೆಯವರೆಗೂ ಅವನು ಹಕ್ಕಿಗೆ ಮುಂಡಾಸಿನ ಬಟ್ಟೆ ಸುತ್ತಿ, ಎರಡೂ ಕೈಯಲ್ಲಿ ಹಿಡಿದು ಕಂಬಕ್ಕೊರಗಿ ಕೂತ. ಬೈಯುತ್ತಲೇ ಕೂತ, ಆದರೆ ಹಕ್ಕಿ ನಿದ್ದೆ ಹೋದಾಗ ಪಿಸುದನಿಯಲ್ಲಿ ಬೈದ. ಬಟ್ಟೆ ಬಿಚ್ಚಿದರೆ ಹಕ್ಕಿಯ ಮೈ ಕಿತ್ತಳೆ ಹಣ್ಣಿನ ಬಣ್ಣ, ತಲೆ ಹಾಲು ಬಿಳುಪು. ಅವನ ಎರಡು ಅಂಗೈಗಳು ಮಾತ್ರ ಮದುಮಗನ ಕೈಯಂತೆ ಕೆಂಪಾಗಿದ್ದವು.

ಬೆಳಿಗ್ಗೆ ಬಾಗಿಲು ತೆಗೆಯುವುದೇ ತಡ, ಮೊದಲು ನುಗ್ಗಿದವನು ಕಬ್ಬೂರ್.

"ಅಯ್ಯಪ್ಪಾ! ತಿಬಿಬ್ತ್ ಮದರಂಗಿ ಹಚ್ಚಿಕೊಂಡಿದೆ! ತಾನೇ ಹಚ್ಚಿಕೊಂಡಿದೆ!"

ಹಿಂದೆ ಬಂದ ಹೆಂಗಸರು ತಡಮಾಡಲಿಲ್ಲ. ಮದರಂಗಿ ಎಂದರೆ ಮದುವೆ. ಮದುವೆ ಎಂದರೆ ಕೇಕೆ. ನಾಲಿಗೆ ಹೊರಳಿಸಿ ಹಾಕಿದ ಹರ್ಷದ ಕೇಕೆ ಅಂಗಳ ದಾಟಿ, ಓಣಿ ದಾಟಿ, ಊರ ಹೆಂಗಸರೆಲ್ಲ ಹೋಗುವ ಸಾರ್ವಜನಿಕ ಸ್ನಾನದ ಮನೆಗೂ ಮುಟ್ಟಿತು. ಅಲ್ಲಿ ಮಹ್ಜೂಬಾ ತಾಯಿಯ ಬೆನ್ನು ಉಜ್ಜುತ್ತಿದ್ದಳು. ಆಗಷ್ಟೇ ಒಳಗೆ ಬಂದ ಒಬ್ಬಾಕೆ, "ನೀನೇನೇ ಇಲ್ಲಿ ಕೂತಿದೀಯಾ? ನಿನ್ನ ಮನೇಲಿ ಮದರಂಗಿ, ಕೇಕೆ, ಹಾಲು, ಖರ್ಜೂರ! ಇಡೀ ಓಣಿ ಅಲ್ಲೇ ಇದೆ!" ಎಂದಳು.

ಹೆಂಡತಿ ತವರಲ್ಲಿ, ಗಂಡನ ಮನೆಯಲ್ಲಿ ಮದರಂಗಿ. ಇದಕ್ಕೆ ಎರಡು ಅರ್ಥ ಎಲ್ಲಿಂದ ಬರಬೇಕು?

ಮಹ್ಜೂಬಾ ತಲೆಯ ನೀರನ್ನೂ ಒರೆಸಿಕೊಳ್ಳದೆ ಬಂದಳು. ಅವಳು ಬಂದ ರಭಸಕ್ಕೆ ಅಂಗಳದ ಜನ ಎರಡು ಪಾಲಾಗಿ ದಾರಿ ಬಿಟ್ಟರು.

"ಎಲ್ಲಿ? ಎಲ್ಲಿ ಆ ಮದುಮಗಳು?"

"ಮೇಲೆ, ಬಾಗಿಲ ಮೇಲೆ ಕೂತಿದೆ ನೋಡಿ, ಅತ್ತಿಗೆ," ಎಂದ ಕಬ್ಬೂರ್ ಭಕ್ತಿಯಿಂದ.

ಮಹ್ಜೂಬಾ ಮೇಲೆ ನೋಡಲಿಲ್ಲ. ಅಲ್ಲಾಲ ಎರಡೂ ಕೈಗಳನ್ನು ಜೆಲ್ಲಾಬಾ ನಿಲುವಂಗಿಯ ತೋಳಿನೊಳಗೆ ತುರುಕಿಕೊಂಡು ಗೋಡೆಗೆ ಅಂಟಿ ನಿಂತಿದ್ದನ್ನು ನೋಡಿದಳು.

"ಕೈ ತೆಗೀರಿ ಹೊರಗೆ."

"ಚಳಿ," ಎಂದ ಅಲ್ಲಾಲ. ಬಿಸಿಲು ಸುಡುತ್ತಿತ್ತು.

ಅವಳೇ ತೋಳು ಹಿಡಿದು ಎಳೆದಳು. ಮದುವೆಯ ದಿನ ಬಿಟ್ಟರೆ ಗಂಡಸಿನ ಅಂಗೈಗೆ ಎಂದೂ ಬರಬಾರದ ಕೆಂಪು ಆ ಎರಡು ಅಂಗೈಗಳಲ್ಲೂ ಗಾಢವಾಗಿ ಕೂತಿತ್ತು. 

"ಮೂರು ವರ್ಷದಿಂದ ಒಂದು ಗೋಡೆ ಬೆಳ್ಳಗೆ ಮಾಡೋಕಾಗದ ಕೈಗೆ," ಎಂದಳು ಮಹ್ಜೂಬಾ, "ನಾನು ಬೆನ್ನು ತಿರುಗಿಸಿದ್ದೇ ತಡ, ಮದರಂಗಿ ಹಚ್ಚಿಕೊಳ್ಳೋಕೆ ಪುರುಸೊತ್ತು ಸಿಕ್ತಾ? ಅದೂ ನನ್ನ ಪೆಟ್ಟಿಗೆಯ ಮದರಂಗಿ! ನಾಚಿಕೆ ಆಗಲ್ವೇನೋ ನಿನಗೆ?"

'ನೀವು' ಹೋಗಿ 'ನೀನು' ಬಂದಿತ್ತು. ಜನ ಇನ್ನಷ್ಟು ಹತ್ತಿರ ಸರಿದರು.

ಅಷ್ಟರಲ್ಲಿ ಜೀಲಾಲಿಯ ಹಿಂದೆ ಡಾಕ್ಟರ್ ನುಝಾ ಬಂದರು. ಕೊರಳಲ್ಲಿ ದೂರದರ್ಶಕ ತೂಗುತ್ತಿತ್ತು. ಬಸ್ಸಿನಲ್ಲಿ ನಿದ್ದೆಗೆಟ್ಟು ಕಣ್ಣು ಕೆಂಪಗಿತ್ತು. ಬಂದವರೇ ಹಕ್ಕಿಯನ್ನು ನೋಡಿದರು, ದೂರದರ್ಶಕ ಹಾಕಿ ಇನ್ನೊಮ್ಮೆ ನೋಡಿದರು.

"ಯಾವ ಅಯೋಗ್ಯ ರೀ ಈ ಹಕ್ಕಿಗೆ ಬಣ್ಣ ಬಳಿದೋನು?" ಎಂದು ಅವರು ಕಿರುಚಿದ್ದಕ್ಕೆ ನಿಂಬೆ ಗಿಡದ ಸುಣ್ಣ ಉದುರಿತು.

"ನಾನು ಹೇಳಿರಲಿಲ್ವಾ ಮೇಡಂ? ಬಿಳೀ ಬಣ್ಣ ಬಳಿದಿದಾನೆ ಅಂತ!" ಎಂದು ಜೀಲಾಲಿ ಎದೆಯುಬ್ಬಿಸಿದ.

"ನಿಮ್ಮ ತಲೆ! ಬಿಳಿ ಬಳಿದಿದ್ದಲ್ಲ, ಬಿಳಿ ಹುಟ್ಟಿದ್ದು! ಬಳಿದಿದ್ದು ಈ ದರಿದ್ರ ಮದರಂಗಿ! ಬಿಳೀ ತಿಬಿಬ್ತ್ ಒಂದನ್ನ ಕಣ್ಣಲ್ಲಿ ನೋಡಬೇಕು ಅಂತ ನಾನು ಎಷ್ಟು ವರ್ಷ ಊರೂರು ಅಲೆದಿದೀನಿ ಗೊತ್ತಾ? ಸಿಕ್ತು ಅಂತ ಓಡಿ ಬಂದ್ರೆ ಕಿತ್ತಳೆ ಹಣ್ಣು ತೋರಿಸ್ತೀರಾ?"

"ಹುಟ್ಟಿದ್ದಾ? ಬಕೆಟ್ ಸುಣ್ಣ ಅದರ ಮೇಲೆ ಬಿತ್ತಲ್ಲ?" ಎಂದು ಅಲ್ಲಾಲ ತನಗರಿವಿಲ್ಲದೆಯೇ ಬಾಯಿಬಿಟ್ಟ.

"ಅಷ್ಟು ಸುಣ್ಣ ಬಿದ್ದಿದ್ರೆ ಗರಿ ಅಂಟಿಕೊಂಡು ಹಕ್ಕಿ ಹಾರ್ತಾನೇ ಇರಲಿಲ್ಲ ರೀ! ಸುಣ್ಣ ಗೋಡೆಗೆ ಬಿದ್ದಿರುತ್ತೆ. ಇದು ಗೂಡು ಬಿಟ್ಟು ಹೊರಬಿದ್ದ ಮರಿ. ಗರಿಗೆ ಬಣ್ಣ ಕೂಡದೆ ಹುಟ್ಟಿದೆ. ಎಷ್ಟೋ ಸಾವಿರ ಮರಿಯಲ್ಲಿ ಒಂದು ಹೀಗೆ ಹುಟ್ಟುತ್ತೆ. ಯಾರೂ ಮಾಡಿದ್ದಲ್ಲ. ಬರ್ಕತ್ತೂ ಅಲ್ಲ, ಅಪರಾಧವೂ ಅಲ್ಲ!"

"ಗೂಡಿನಲ್ಲಿ ಮರಿ ಇದೆ ಅಂತ ನಾನು ಹೊರಡೋವಾಗ ಹೇಳೋಕೆ ಬಂದೆನಲ್ಲ?" ಎಂದಳು ಮಹ್ಜೂಬಾ. ಅವಳ ದನಿ ಈಗ ಬೇರೆಯಾಗಿತ್ತು. "ನನ್ನ ತಿಬಿಬ್ತ್‌ಗೆ ಸುಣ್ಣ ಬಿತ್ತು ಅಂದ್ಕೊಂಡು ನೀನು ಮದರಂಗಿ ಹಚ್ಚಿದ್ಯಾ?"

ಅಲ್ಲಾಲನ ಪಿತ್ತ ನೆತ್ತಿಗೇರಿತು.

"ಹೌದು ಕಣೇ, ಹಚ್ಚಿದೆ! ತೊಳೆದೆ, ಹೋಗಲಿಲ್ಲ, ಹಚ್ಚಿದೆ! ಗರಿ ಕೊಂಕಿದ್ರೂ ಬರಲ್ಲ ಅಂದವಳು ನೀನು! ಇನ್ನೇನು ಮಾಡಲಿ? ಈ ಕಬ್ಬೂರನನ್ನ ನೋಡ್ಲಾ, ಈ ಜೀಲಾಲಿಯನ್ನ ನೋಡ್ಲಾ, ಗೋಡೆ ನೋಡ್ಲಾ, ಹಕ್ಕಿ ನೋಡ್ಲಾ? ಬಿದ್ದುಹೋಗಲಿ ಈ ಗೋಡೆ! ಹಾಳಾಗಿ ಹೋಗಲಿ ಈ ಓಣಿ!"

"ಆಹಾ!" ಎಂದು ಅಂಗಳದ ಜನವೆಲ್ಲ ಕಣ್ಣು ಮುಚ್ಚಿ ಅಂಗೈ ಚಾಚಿದರು. ಇಷ್ಟು ಜೋರಾದದ್ದು ಈವರೆಗೆ ಯಾರಿಗೂ ಸಿಕ್ಕಿರಲಿಲ್ಲ.

ಮಹ್ಜೂಬಾ ಕಣ್ಣು ಮುಚ್ಚಲಿಲ್ಲ.

"ಗೋಡೆಗೆ ಅಂತ ಯಾರಾದ್ರೂ ತವರಿಗೆ ಹೋಗ್ತಾರೇನೋ ಪೆದ್ದ?" ಎಂದಳು. "ಹದಿನೈದು ವರ್ಷದಿಂದ ನಾನು ಆಡೋಕೆ ಶುರು ಮಾಡಿದ ಒಂದು ಮಾತಾದ್ರೂ ನೀನು ಮುಗಿಯೋಕೆ ಬಿಟ್ಟಿದೀಯಾ? ಹಕ್ಕಿ ಜೊತೆ ಮಾತಾಡ್ತಿದ್ದೆ ನಾನು. ಯಾಕೆ ಅಂದ್ಕೊಂಡೆ? ಅದು ಪೂರ್ತಿ ಕೇಳಿಸ್ಕೊಳ್ಳುತ್ತೆ."

ಅಲ್ಲಾಲ ಬಾಯಿ ತೆರೆದ. ಮುಚ್ಚಿದ. ಮತ್ತೆ ತೆರೆದ. ಏನೂ ಬರಲಿಲ್ಲ.

ಆ ಮನೆಯಲ್ಲಿ ಅಷ್ಟು ಹೊತ್ತು ಯಾರೂ ಕೂಗದೆ ಇದ್ದದ್ದು ಅದೇ ಮೊದಲು. ಅದಕ್ಕೇ ಕಾಯುತ್ತಿತ್ತೋ ಏನೋ, ಮಾಳಿಗೆಯ ಅಂಚಿನಿಂದ ಕೆಮ್ಮಣ್ಣು ಬಣ್ಣದ ತಿಬಿಬ್ತ್ ಒಂದು ಕೆಳಗಿಳಿಯಿತು. ಮಹ್ಜೂಬಾಳ ಹಳೆಯ ಹಕ್ಕಿ, ಗರಿಯೊಂದೂ ಕೊಂಕಿರಲಿಲ್ಲ. ಕಿತ್ತಳೆ ಮೈಯ ಮರಿ ರೆಕ್ಕೆ ಅದುರಿಸುತ್ತ ಬಾಯಿ ತೆರೆಯಿತು. ತಾಯಿ ಬಣ್ಣ ಗಿಣ್ಣ ಏನನ್ನೂ ನೋಡದೆ ಅದರ ಬಾಯಿಗೆ ಹುಳು ತುರುಕಿತು. ಡಾಕ್ಟರ್ ನುಝಾ ಮೂಗೊರೆಸಿಕೊಂಡು, "ಗರಿ ಉದುರಿ ಹೊಸದು ಬಂದಾಗ ಮತ್ತೆ ಬೆಳ್ಳಗೇ ಬರುತ್ತೆ. ಆಗ ಬರ್ತೀನಿ. ಅಲ್ಲೀವರೆಗೆ ಯಾರಾದ್ರೂ ಅದನ್ನ ಮುಟ್ಟಿದ್ರೋ, ನೋಡಿ!" ಎಂದು ಬೆದರಿಸಿ ಹೊರಟರು. ಕಚೇರಿಗೆ ತಿಳಿಸಲು ಏನೂ ಉಳಿಯದ ಜೀಲಾಲಿ ಸಪ್ಪೆ ಮುಖ ಹಾಕಿಕೊಂಡು ಅವರ ಹಿಂದೆಯೇ ಹೋದ.

ಜನ ಮಾತ್ರ ಕದಲಲಿಲ್ಲ. ಅಂಗೈ ಚಾಚಿ ಕೂತವರ ಕೈ ನೋಯತೊಡಗಿತ್ತು.

"ಸೀ ಅಲ್ಲಾಲ್, ಏನಾದ್ರೂ ಅನ್ನಿ," ಎಂದು ಗೋಗರೆದ ಕಬ್ಬೂರ್. "ಬೆಳಗಿನಿಂದ ಒಲೆ ಮತ್ತೆ ಹೊಗೆಯಾಡ್ತಿದೆ. ಒಂದೇ ಒಂದು ಕತ್ತೆ ಅನ್ನಿ ಸಾಕು."

ಅಲ್ಲಾಲ ಅವನನ್ನು ನೋಡಲೇ ಇಲ್ಲ. ಕೆಂಪು ಅಂಗೈಗಳನ್ನು ಎಲ್ಲಿಟ್ಟುಕೊಳ್ಳಬೇಕೆಂದು ತೋಚದೆ, ಹೆಂಡತಿಯ ಹತ್ತಿರ ಹೋಗಿ, ತುಟಿ ಅಲುಗಿತೋ ಇಲ್ಲವೋ ಎಂಬಷ್ಟು ಮೆತ್ತಗೆ ಏನೋ ಹೇಳಿದ. ಹೇಳಿ ತಲೆ ತಗ್ಗಿಸಿ ನಿಂತ. ಅವಳು ಮುಂದೆ ಏನು ಹೇಳುತ್ತಾಳೋ, ಅದು ಪೂರ್ತಿ ಮುಗಿಯಲಿ ಎಂದು ಕಾದ.

"ಏನಂದ್ರು? ಏನಂದ್ರು?" ಎಂದು ಹಿಂದಿನವರು ಮುಂದಿನವರನ್ನು ತಳ್ಳಿದರು. "ನಮಗೆ ಕೇಳಿಸಲಿಲ್ಲ! ಇನ್ನೊಂದು ಸಲ ಹೇಳಿ! ಜೋರಾಗಿ ಹೇಳ್ರೀ!"

"ನಿಮಗಲ್ಲ ಹೇಳಿದ್ದು," ಎಂದಳು ಮಹ್ಜೂಬಾ. ಒಬ್ಬೊಬ್ಬರನ್ನೇ ತೋಳು ಹಿಡಿದು ಎಬ್ಬಿಸಿ ಓಣಿಗೆ ದಾಟಿಸಿದಳು. ಕೊನೆಯದಾಗಿ ಕಬ್ಬೂರನನ್ನೂ ದಾಟಿಸಿ ಬಾಗಿಲು ಹಾಕಿಕೊಂಡಳು, ಒಳಗಿನಿಂದ.